ಎದುರಿನವರ ಬಲಗಾಲು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ಮಾತೂ ಹೆಚ್ಚು ಗೊತ್ತಿಲ್ಲ. ತಪ್ಪಾಗಬಾರದೆಂದು ಪ್ರತಿ ಸಾಲನ್ನೂ ಮೊದಲು ಹಳೆ ಬಿಲ್ಲುಗಳ ಹಿಂಬದಿಯಲ್ಲಿ ಬರೆದು ನೋಡಿ ಆಮೇಲೆ ಇಲ್ಲಿಗೆ ಇಳಿಸಿದ್ದೇನೆ. ಇದು ನನ್ನ ಅಮ್ಮನ ಕಥೆ. ಇದರಲ್ಲಿ ಬರುವ ದೊಡ್ಡ ಮಗಳು ನಾನೇ. ಆದರೆ ಸಾಲುಸಾಲಿಗೂ ‘ನಾನು’ ಎಂದು ಬರೆಯಲು ನಾಚಿಕೆ. ಆದ್ದರಿಂದ ದೊಡ್ಡವಳು ಎಂದೇ ಬರೆಯುತ್ತೇನೆ.

ಅಮ್ಮನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು, ಮನೆಯೂ ಅದಕ್ಕೇ ಅಂಟಿಕೊಂಡಿತ್ತು. ಎರಡು ಹೊಲಿಗೆ ಮಷಿನು, ಒಂದು ಇಸ್ತ್ರಿ ಮೇಜು, ಬಟ್ಟೆ ಬದಲಿಸಲು ಪರದೆ ಕಟ್ಟಿದ ಮೂಲೆ, ಅದರ ಪಕ್ಕ ಆಳೆತ್ತರದ ಕನ್ನಡಿ. ಅಲ್ಲಿ ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಕಿತ್ತ ಜಿಪ್ಪು ಬದಲಿಸುವುದು, ಇಷ್ಟೇ. “ಬೇರೆಯವರು ಮಾಡಿದ ತಪ್ಪು ತಿದ್ದೋದೇ ನಮ್ಮ ಹೊಟ್ಟೆಪಾಡು” ಎಂದು ಅಮ್ಮ ಗಿರಾಕಿಗಳ ಮುಂದೆ ನಗುತ್ತಿದ್ದಳು. ಲಾರಿ ಓಡಿಸುವ ಅಪ್ಪ ತಿಂಗಳಿಗೊಮ್ಮೆ ಬಂದು, ಎರಡು ದಿನ ನಿದ್ದೆ ಮಾಡಿ ಹೋಗುತ್ತಿದ್ದ.

ಅಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕೆಂದರೆ ಗೊತ್ತಿದ್ದದ್ದೂ ಮರೆತುಹೋಗುತ್ತಿತ್ತು. ಗಣಿತದಲ್ಲಿ ಎರಡು ಸಲ ಬಿದ್ದಳು, ಮೂರನೆಯ ಸಲ ಪರೀಕ್ಷೆಗೆ ಹೋಗಲೇ ಇಲ್ಲ. ಅಮ್ಮ ಬೈಯಲಿಲ್ಲ. ಎರಡನೆಯ ಮಷಿನಿನ ಮುಂದಿನ ಸ್ಟೂಲನ್ನು ಸ್ವಲ್ಪ ಎತ್ತರ ಮಾಡಿಸಿಕೊಟ್ಟಳು, ಅಷ್ಟೇ. ಚಿಕ್ಕವಳಿಗೆ ಎಂಟು ವರ್ಷ. ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದುದರಿಂದ ಅವಳಿಗೆ ಬುಗುರಿ ಎಂದು ಹೆಸರು ಬಿದ್ದಿತ್ತು. ಹಲ್ಲುಜ್ಜುವಾಗಲೂ ಸುತ್ತುವಳು, ಬೈಸಿಕೊಳ್ಳುವಾಗಲೂ ಸುತ್ತುವಳು. ಅಮ್ಮನಿಗೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ಪಕ್ಕದ ಬೀಗ ರಿಪೇರಿಯವನು ಹೇಳುತ್ತಿದ್ದ. ದೊಡ್ಡವಳು ಅದನ್ನು ಕೇಳಿಯೂ ಕೇಳದ ಹಾಗೆ ಇರುತ್ತಿದ್ದಳು.

ಬುಗುರಿಯನ್ನು ನೃತ್ಯ ಶಾಲೆಗೆ ಸೇರಿಸಿ ಎರಡು ವರ್ಷವಾಗಿತ್ತು. ಶಾಲೆ ಎಂದರೆ ಬಣ್ಣದ ಡಬ್ಬಿ ಮಾರುವ ಅಂಗಡಿಯ ಮೇಲಿನ ಒಂದು ದೊಡ್ಡ ಹಾಲ್. ವಾರಕ್ಕೆ ಒಂದು ದಿನ ತರಗತಿ, ವರ್ಷಕ್ಕೆ ಒಂದು ಗ್ರೇಡ್ ಪರೀಕ್ಷೆ. ಅದಕ್ಕೆ ಹೊರಗಿನಿಂದ ಪರೀಕ್ಷಕರು ಬರುತ್ತಿದ್ದರು. ಮೊದಲೆರಡು ಗ್ರೇಡು ಎಲ್ಲರಿಗೂ ಸಿಗುತ್ತಿತ್ತು. ಮೂರನೆಯದು ಹಾಗಲ್ಲ. ನೂರಕ್ಕೆ ಎಪ್ಪತ್ತೈದು ಬಂದವರು ಮಾತ್ರ ಮೇಲಿನ ಗುಂಪಿಗೆ. ಬರದವರ ಜಾಗ, ಕಾಯುತ್ತಿರುವ ಬೇರೆ ಮಕ್ಕಳಿಗೆ. ಈ ನಿಯಮವನ್ನು ಮೆಟ್ಟಿಲ ಬುಡದಲ್ಲೇ ಅಂಟಿಸಿದ್ದರು. ಅಮ್ಮ ಅದರ ಮುಂದೆ ಹಾದುಹೋಗುವಾಗಲೆಲ್ಲ ಬುಗುರಿಯ ತಲೆ ಸವರುತ್ತಿದ್ದಳು.

“ಇವಳೊಬ್ಬಳಾದರೂ ನಾಲ್ಕು ಜನರ ಮುಂದೆ ತಲೆ ಎತ್ತಿ ನಿಲ್ಲಲಿ” ಎನ್ನುತ್ತಿದ್ದಳು. ಆಗ ದೊಡ್ಡವಳು ಪಕ್ಕದಲ್ಲೇ ಇರುತ್ತಿದ್ದಳು.

ಹಾಲಿನೊಳಗೆ ತಾಯಂದಿರಿಗೆ ಪ್ರವೇಶವಿರಲಿಲ್ಲ. ಅವರಿಗೆ ಹೊರಗಿನ ಓಣಿಯಲ್ಲಿ ಒಂದು ಉದ್ದನೆಯ ಬೆಂಚು. ಬಾಗಿಲಿನಲ್ಲಿ ಅಂಗೈ ಅಗಲದ ಗಾಜು ಇತ್ತು. ಮಕ್ಕಳು ಬಾಗಿಲಿನ ಒಂದು ಪಕ್ಕಕ್ಕೆ, ಅದೇ ಗೋಡೆಗೆ ಒತ್ತಿಕೊಂಡ ಹಾಗೆ ಎರಡು ಸಾಲಾಗಿ ನಿಲ್ಲುತ್ತಿದ್ದುದರಿಂದ ಆ ಗಾಜಿನಲ್ಲಿ ಅವರು ನೇರವಾಗಿ ಕಾಣುತ್ತಿರಲಿಲ್ಲ. ಎದುರು ಗೋಡೆಯ ತುಂಬ ಇದ್ದ ಕನ್ನಡಿಯಲ್ಲಿ ಕಾಣುತ್ತಿದ್ದರು. ಬೇರೆ ತಾಯಂದಿರು ಬೆಂಚಿನಲ್ಲಿ ಹರಟುತ್ತಿದ್ದರೆ ಅಮ್ಮ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು.

“ಏನ್ರೀ ಟೈಲರಮ್ಮ, ಗಾಜಿಗೆ ಕಾಜ ಹಾಕ್ತಿದ್ದೀರಾ?” ಎಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಳು ಕೇಳಿದಳು. ಅವಳ ಮಗಳೂ ಅದೇ ತರಗತಿಯವಳು.

“ಹಾಕಿದ್ರೆ ನಿಮಗೂ ಒಂದು ತೂತು ಬಿಡ್ತೀನಿ, ಬನ್ನಿ” ಎಂದಳು ಅಮ್ಮ, ಕಣ್ಣು ಕೀಳದೆ.

ಮೂರನೆಯ ಗ್ರೇಡಿನ ಆ ವರ್ಷ ಅಮ್ಮ ನೋಡಿದ್ದನ್ನು ದೊಡ್ಡವಳು ಬರೆದುಕೊಳ್ಳಬೇಕಿತ್ತು. ಅಮ್ಮನಿಗೆ ಅಂಕಿ ಬರೆಯುವುದು ಸಲೀಸು, ಅಕ್ಷರ ಕಷ್ಟ. ಅವಳು ಗಾಜಿನಿಂದ ಹೇಳುತ್ತ ಹೋದ ಹಾಗೆ ದೊಡ್ಡವಳು ಬೆಂಚಿನ ತುದಿಯಲ್ಲಿ ಕೂತು, ಅಳತೆ ಪುಸ್ತಕದಂಥದೇ ಒಂದು ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದಳು. “ಎಡಗಾಲು ಮುಂದೆ. ಎಡಗೈ ಭುಜದ ಮಟ್ಟ. ನಾಲ್ಕು ಎಣಿಕೆ. ತಿರುಗೋದು ಎಡಕ್ಕೆ.” ಗಾಜು ಒಬ್ಬರ ಮುಖಕ್ಕಷ್ಟೇ ಸಾಲುತ್ತಿದ್ದುದರಿಂದ ದೊಡ್ಡವಳು ಒಂದು ದಿನವೂ ಒಳಗೆ ನೋಡಲಿಲ್ಲ. ನೋಡುತ್ತೇನೆಂದು ಕೇಳಲೂ ಇಲ್ಲ.

ತಪ್ಪು ಇಲ್ಲಿ ನುಸುಳಿತು. ಅಮ್ಮ ಹೊಲಿಗೆ ಕಲಿಯುವ ದಿನಗಳಲ್ಲಿ ಒಂದು ಕೋಟಿನ ಎದೆ ಜೇಬನ್ನು ಬಲಗಡೆಗೆ ಹೊಲಿದುಬಿಟ್ಟಿದ್ದಳಂತೆ. ಕಲಿಸುತ್ತಿದ್ದ ಮುದುಕ ಮೇಸ್ತ್ರಿ ಆ ಕೋಟನ್ನು ಒಂದು ವಾರ ಬಾಗಿಲಲ್ಲೇ ನೇತುಹಾಕಿ, ಕೇಳಿದವರಿಗೆಲ್ಲ “ನಾನೇ ಹೊಲಿದದ್ದು” ಎಂದು ಅವಳ ಬಾಯಲ್ಲೇ ಹೇಳಿಸಿದ್ದನಂತೆ. ಅಂದಿನಿಂದ ‘ಎದುರು ನಿಂತವರ ಬಲ ನನ್ನ ಎಡ’ ಎನ್ನುವುದು ಅವಳ ರಕ್ತದಲ್ಲಿ ಸೇರಿಹೋಗಿತ್ತು. ಎದುರಿಗೆ ಮುಖ ಕಂಡರೆ ಸಾಕು, ಅವಳ ತಲೆ ತಾನಾಗಿ ಬದಿ ಬದಲಿಸುತ್ತಿತ್ತು. ನೃತ್ಯ ಶಾಲೆಯ ಕನ್ನಡಿಯಲ್ಲೂ ಮಕ್ಕಳ ಮುಖ ಅವಳ ಎದುರಿಗೇ ಇತ್ತು. ಆದರೆ ಅದು ಬರೀ ಬಿಂಬ. ನಿಜವಾದ ಮಕ್ಕಳು ಅವಳ ಹಾಗೆಯೇ ಕನ್ನಡಿಯ ಕಡೆ ತಿರುಗಿ ನಿಂತಿದ್ದರು, ಅವಳ ಬಲವೇ ಅವರ ಬಲ. ಬದಲಿಸಬೇಕಾದ್ದು ಏನೂ ಇರಲಿಲ್ಲ. ಅಮ್ಮ ಪ್ರತಿಯೊಂದನ್ನೂ ಬದಲಿಸಿದಳು.

ಅಂಗಡಿಯಲ್ಲೇ ಒಂದು ಆಳೆತ್ತರದ ಕನ್ನಡಿ ಇತ್ತಲ್ಲ, ಅಷ್ಟೂ ತಿಳಿಯಲಿಲ್ಲವೇ ಎಂದು ಕೇಳಬಹುದು. ಆ ಕನ್ನಡಿ ಗಿರಾಕಿಗಳದ್ದು. ಅವರು ಅದರಲ್ಲಿ ನೋಡಿಕೊಳ್ಳುವಾಗ ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮಂಡಿಯೂರಿ, ಅವರ ಪ್ಯಾಂಟಿನ ತುದಿ ನೋಡುತ್ತಿರುತ್ತಿದ್ದಳು. ಹದಿನೇಳು ವರ್ಷ ಹಾಗೇ ಕಳೆದಿತ್ತು.

ಪ್ರತಿ ಸಂಜೆ ಇಸ್ತ್ರಿ ಮೇಜನ್ನು ಗೋಡೆಗೆ ಸರಿಸಿ ಅಭ್ಯಾಸ. ಅಮ್ಮ ಎಣಿಸುವಳು, ದೊಡ್ಡವಳು ಪುಸ್ತಕ ಓದುವಳು, ಬುಗುರಿ ಕುಣಿಯುವಳು. ಮೊದಲ ದಿನವೇ ಬುಗುರಿ ನಿಂತುಬಿಟ್ಟಳು.

“ಅಮ್ಮ, ಟೀಚರ್ ಬಲಗಾಲು ಮೊದಲು ಅಂತಾರೆ.”

“ನಾನು ಕಣ್ಣಾರೆ ನೋಡಿದ್ದೀನಿ ಕಣೇ. ನೀನು ಹಿಂದಿನ ಸಾಲಲ್ಲಿ ನಿಂತ್ಕೊಂಡು ಏನು ನೋಡ್ತೀಯ?”

“ಬಲಗಾಲೇ ಅಮ್ಮ.”

“ಎದುರು ನಿಂತೋರ ಬಲ ಯಾವುದು ಅಂತ ನನಗೆ ಹೇಳ್ಕೊಡ್ತೀಯಾ ನೀನು? ಹೊಟ್ಟೆಪಾಡೇ ಅದು ನಂದು. ಎಡಗಾಲು. ಒಂದು, ಎರಡು...”

ಮೂರನೆಯ ದಿನ ಬುಗುರಿ ಮತ್ತೆ ಅದನ್ನೇ ಹೇಳಿದಾಗ ಮೊಣಕಾಲಿಗೆ ಅಳತೆ ಕಡ್ಡಿಯ ಏಟು ಬಿತ್ತು. ಜೋರಾಗಿ ಅಲ್ಲ. ಆದರೆ ಬಿತ್ತು. ಅಂದಿನಿಂದ ಅವಳು ಮನೆಯಲ್ಲಿ ಅಮ್ಮನ ಕಾಲು, ಶಾಲೆಯಲ್ಲಿ ಟೀಚರ ಕಾಲು ಎಂದು ಎರಡು ನೃತ್ಯ ಇಟ್ಟುಕೊಂಡಳು. ಶಾಲೆಯಲ್ಲಿ ಮುಂದಿನ ಸಾಲಿನ ಹುಡುಗಿಯನ್ನು ನೋಡಿ ಹೆಜ್ಜೆ ಹಾಕಿದರೆ ಆಯಿತು. ಟೀಚರಿಗೂ ಇಪ್ಪತ್ತೆರಡು ಮಕ್ಕಳು, ಯಾರು ಯಾರನ್ನು ನೋಡಿ ಕುಣಿಯುತ್ತಾರೆಂದು ಅವರಿಗೆ ತಿಳಿಯಲಿಲ್ಲ.

ಒಂದು ದಿನ ಅಮ್ಮ ನೂಲು ತರಲು ಹೋಗಿದ್ದಾಗ ಬುಗುರಿ ಕೇಳಿದಳು, “ಅಕ್ಕ, ಪುಸ್ತಕದಲ್ಲಿ ಇರೋದೆಲ್ಲ ಉಲ್ಟಾ. ನೀನಾದ್ರೂ ಅಮ್ಮಂಗೆ ಹೇಳೇ.”

ದೊಡ್ಡವಳು ಗುಂಡಿ ಹಚ್ಚುತ್ತಿದ್ದ ಶರಟಿನಿಂದ ತಲೆ ಎತ್ತಲಿಲ್ಲ. ಶಾಲೆ ಬಿಟ್ಟವಳ ಮಾತನ್ನು ಯಾರು ಕೇಳುತ್ತಾರೆ ಎಂದುಕೊಂಡಳು. “ಅಮ್ಮ ಹೇಳಿದ ಹಾಗೆ ಮಾಡು” ಎಂದಳು.

ಪರೀಕ್ಷೆಯ ದಿನ ಬೆಳಿಗ್ಗೆ ಬಾಗಿಲಿನ ಗಾಜಿಗೆ ಕಂದು ಕಾಗದ ಅಂಟಿಸಿದ್ದರು. ಈ ಸಲ ಹಿಂದಿನ ಹಾಗೆ ಗುಂಪಾಗಿ ಅಲ್ಲ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಯುವುದೆಂದು ಆಗಲೇ ಗೊತ್ತಾದದ್ದು. ಎದೆಗೆ ಹನ್ನೊಂದು ಎಂಬ ಅಂಕಿ ಚುಚ್ಚಿಕೊಂಡ ಬುಗುರಿಯ ಮುಖ ಸುಣ್ಣದ ಹಾಗಾಯಿತು.

“ಮುಂದೆ ಯಾರೂ ಇರಲ್ವಾ?” ಎಂದಳು.

“ಯಾಕೆ ಇರಬೇಕು? ನಿನ್ನನ್ನ ನೋಡೋಕೆ ತಾನೇ ಅವರು ಬಂದಿರೋದು?” ಎಂದು ಅಮ್ಮ ಅವಳ ಕೂದಲಿಗೆ ಮತ್ತೊಂದು ಪಿನ್ನು ಹಾಕಿದಳು. “ಮನೇಲಿ ಮಾಡ್ತೀಯಲ್ಲ, ಹಾಗೇ ಮಾಡು.”

ಬಾಗಿಲು ಮುಚ್ಚಿತು. ಒಳಗೆ ಸಂಗೀತ ಶುರುವಾಯಿತು. ಅಮ್ಮನಿಗೆ ಕೂರಲಾಗಲಿಲ್ಲ. ಓಣಿಯಲ್ಲೇ ನಿಂತು, ಕಣ್ಣು ಮುಚ್ಚಿ, ಚಪ್ಪಲಿ ಕಾಲಲ್ಲೇ ಸಣ್ಣಗೆ ಹೆಜ್ಜೆ ಹಾಕತೊಡಗಿದಳು.

“ಟೈಲರಮ್ಮ, ನಿಮ್ಮ ನಂಬರು ಎಷ್ಟು?” ಎಂದು ಬ್ಯಾಂಕಿನವಳು ನಕ್ಕಳು. ಹನ್ನೆರಡನೆಯವಳಾದ ಅವಳ ಮಗಳೂ ಅದೇ ಸಂಗೀತಕ್ಕೆ ಅಲ್ಲೇ ಹೆಜ್ಜೆ ಹಾಕಿ ನೋಡುತ್ತಿದ್ದಳು. ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ದೊಡ್ಡವಳಿಗೆ ಇಬ್ಬರ ಪಾದಗಳೂ ಕಂಡವು. ಅಮ್ಮನ ಎಡಗಾಲು ಮುಂದೆ ಬಂದಾಗ ಹುಡುಗಿಯ ಬಲಗಾಲು ಮುಂದೆ ಬಂತು. ಅಮ್ಮ ಎಡಕ್ಕೆ ತಿರುಗಿದಾಗ ಹುಡುಗಿ ಬಲಕ್ಕೆ ತಿರುಗಿದಳು. ಎಣಿಕೆ ಒಂದೇ, ಬದಿ ಬೇರೆ. ದೊಡ್ಡವಳ ತೊಡೆಯ ಮೇಲೆ ಪುಸ್ತಕ ಇತ್ತು. ಅದರಲ್ಲಿದ್ದ ಅಕ್ಷರವೆಲ್ಲ ಅವಳದೇ.

ಬುಗುರಿ ಹೊರಗೆ ಬಂದಾಗ ಬೆವರಿದ್ದಳು. “ಹೇಗಾಯ್ತು?” ಎಂದು ಅಮ್ಮ ಕೇಳಿದಳು.

“ಒಂದೂ ಮರೀಲಿಲ್ಲ” ಎಂದಳು ಬುಗುರಿ. ಅಮ್ಮ ಅಂದು ಅಂಗಡಿಗೆ ರಜೆ ಹಾಕಿದಳು.

ಮೂರು ವಾರದ ನಂತರ ಲಕೋಟೆ ಬಂತು. ದೊಡ್ಡವಳು ಓದಿದಳು. ಅರವತ್ತೊಂದು. ಕೆಳಗೆ ಪರೀಕ್ಷಕರ ಮಾತು ಇತ್ತು: ‘ತಾಳ, ನಿಲುವು, ನೆನಪು ಬಹಳ ಚೆನ್ನಾಗಿವೆ. ಆದರೆ ಎಲ್ಲ ಅಭ್ಯಾಸಗಳನ್ನೂ ವಿರುದ್ಧ ಬದಿಯಿಂದ ಮಾಡಿದ್ದಾಳೆ.’

ಅಮ್ಮ ಮಷಿನಿಗೆ ಹೊದಿಕೆಯನ್ನೂ ಹಾಕದೆ, ಪುಸ್ತಕ ಕಂಕುಳಲ್ಲಿ ಇರುಕಿಕೊಂಡು, ಇಬ್ಬರು ಮಕ್ಕಳನ್ನೂ ಎಳೆದುಕೊಂಡು ನೃತ್ಯ ಶಾಲೆಗೆ ನಡೆದಳು. ತರಗತಿ ಆಗಷ್ಟೇ ಮುಗಿದಿತ್ತು. ತಾಯಂದಿರು ಇನ್ನೂ ಬೆಂಚಿನಲ್ಲಿದ್ದರು.

“ನೀವು ಕಲಿಸಿದ್ದೇ ಉಲ್ಟಾ ಟೀಚರ್. ನನ್ನ ಮಗಳು ನೀವು ಹೇಳಿದ್ದನ್ನೇ ಮಾಡಿದ್ದಾಳೆ. ನೋಡಿ, ಸಾಕ್ಷಿ ಇದೆ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಬೆಂಚಿನಿಂದ ಯಾರೋ ಮೆಲ್ಲಗೆ ಅಂದರು.

ಟೀಚರ್ ನಿಂತಲ್ಲೇ ಹಾಳೆ ತಿರುವಿದರು. ಐದಾರು ಹಾಳೆ ಓದಿದ ಮೇಲೆ ಬಾಗಿಲಿನ ಗಾಜನ್ನು ನೋಡಿದರು, ಆಮೇಲೆ ಅಮ್ಮನನ್ನು.

“ಇಲ್ಲಿಂದ ನೋಡಿ ಬರೆಸಿದ್ರಾ?”

“ಹೌದು. ಒಂದು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡಿದ್ದೀನಿ.”

“ಅದು ಕನ್ನಡಿ ಕಣ್ರೀ. ಅದರಲ್ಲಿ ಬಲಗಡೆ ಕಂಡದ್ದು ಬಲಗಡೆಯೇ ಇರುತ್ತೆ. ನೀವು ಅದನ್ನ ಯಾಕೆ ತಿರುಗಿಸಿದ್ರಿ?” ಟೀಚರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆದಿದ್ದು ನಾನು ನೋಡಿಲ್ಲ. ಒಂದು ಸಾಲೂ ಸರಿ ಇಲ್ಲ. ಅದಕ್ಕೇ ಅಮ್ಮಂದಿರನ್ನ ನಾನು ಒಳಗೆ ಬಿಡಲ್ಲ.”

ಬೆಂಚಿನಲ್ಲಿ ನಗು ಎದ್ದಿತು. ಬ್ಯಾಂಕಿನವಳು ಮಾತ್ರ ನಗಲಿಲ್ಲ, ತನ್ನ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

“ಇನ್ನೊಂದು ಸಲ ಪರೀಕ್ಷೆ?” ಎಂದಳು ಅಮ್ಮ.

“ಸೀಟು ಆಗಲೇ ಕೊಟ್ಟಾಗಿದೆ. ಮುಂದಿನ ವರ್ಷ ಹೊರಗಿನಿಂದ ಬೇಕಾದ್ರೆ ಕಟ್ಟಿಸಿ. ಒಂದು ಅರ್ಜಿ ತುಂಬಬೇಕು. ಅಷ್ಟರವರೆಗೆ ಮನೇಲಿ ಅಭ್ಯಾಸ ಮಾಡಿಸಿ.” ಟೀಚರ್ ಸೇರಿಸಿದರು, “ನೀವು ಬೇಡ. ಬೇರೆ ಯಾರಾದ್ರೂ ಮಾಡಿಸಲಿ.” ಅರ್ಜಿಯ ಹಾಳೆಯನ್ನು ಪುಸ್ತಕದೊಳಗೆ ಇಟ್ಟುಕೊಟ್ಟರು.

ಅಂಗಡಿಗೆ ಮರಳಿದ ಮೇಲೆ ಅಮ್ಮ ಗಿರಾಕಿಗಳ ಕನ್ನಡಿಯ ಮುಂದೆ ಹೋಗಿ ನಿಂತಳು. ಬಲಗೈ ಎತ್ತಿದಳು. ಕನ್ನಡಿಯಲ್ಲೂ ಕೈ ಬಲಗಡೆಯೇ ಎದ್ದಿತು. ಇಳಿಸಿ, ಮತ್ತೆ ಎತ್ತಿದಳು. ಆಮೇಲೆ ಬುಗುರಿಯ ಕಡೆ ತಿರುಗಿದಳು.

“ಟೀಚರ್ ಹೇಳಿದ್ದು ನಿನಗೆ ಗೊತ್ತಿತ್ತಲ್ಲ? ಅಲ್ಲಿ ಯಾಕೆ ಹಾಗೆ ಮಾಡಿದೆ?”

“ಮನೇಲಿ ಮಾಡೋ ಹಾಗೇ ಮಾಡು ಅಂದೆ ನೀನು.”

ಅಮ್ಮ ದೊಡ್ಡವಳನ್ನು ನೋಡಿದಳು. “ನಿನಗೂ ಗೊತ್ತಿತ್ತಾ?”

ದೊಡ್ಡವಳು ಹೌದೆಂದು ತಲೆ ಆಡಿಸಿದಳು. ಒಂದು ಏಟು ಬಿದ್ದಿದ್ದರೆ ಹಗುರಾಗುತ್ತಿತ್ತು. ಅಮ್ಮ ಏಟು ಕೊಡಲಿಲ್ಲ. “ಆ ನೀಲಿ ಪ್ಯಾಂಟು ಸಂಜೆಗೆ ಕೊಡಬೇಕು. ಅಂಚು ಮಡಚು” ಎಂದಳು. ತಾನು ಮಷಿನಿಗೆ ಕೂತಳು. ಹೊಲಿದದ್ದನ್ನು ಬಿಚ್ಚಿದಳು, ಮತ್ತೆ ಹೊಲಿದಳು.

ಅದಾಗಿ ಈಗ ಎರಡು ತಿಂಗಳು. ಅಮ್ಮ ನೃತ್ಯದ ಮಾತೆತ್ತುವುದಿಲ್ಲ. ಆ ಶಾಲೆಯ ಮುಂದೆ ಹೋಗಬೇಕಾದರೆ ಸುತ್ತುಬಳಸಿ ಹೋಗುತ್ತಾಳೆ. ಪುಸ್ತಕವನ್ನು ಚಿಂದಿ ಬಟ್ಟೆಯ ಚೀಲಕ್ಕೆ ಹಾಕಿದ್ದಳು, ದೊಡ್ಡವಳು ತೆಗೆದಿಟ್ಟಳು. ಬುಗುರಿ ಓದುವ ಶಾಲೆಯಿಂದ ಬಂದು ಸ್ಟೂಲಿನ ಪಕ್ಕ ಕೂತು ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಾಳೆ. ಸುತ್ತುವುದಿಲ್ಲ. ಮೊನ್ನೆ ಗಿರಾಕಿಯೊಬ್ಬರು “ಯಾವ ಕೈಲಿ ಬರೀತೀಯ ಮರಿ?” ಎಂದು ಸುಮ್ಮನೆ ಕೇಳಿದ್ದಕ್ಕೆ, ಉತ್ತರ ಹೇಳುವ ಮೊದಲು ಅಮ್ಮನ ಮುಖ ನೋಡಿದಳು.

ಇಷ್ಟು ಬರೆಯಲು ನನಗೆ ಹನ್ನೆರಡು ದಿನ ಹಿಡಿಯಿತು. ಆ ಪುಸ್ತಕದಲ್ಲಿ ನಲವತ್ತೊಂದು ಹಾಳೆ ಇವೆ. ನಾಳೆಯಿಂದ ಎಡ ಎಂದಿರುವಲ್ಲೆಲ್ಲ ಹೊಡೆದುಹಾಕಿ ಬಲ ಎಂದೂ, ಬಲ ಎಂದಿರುವಲ್ಲಿ ಎಡ ಎಂದೂ ಬರೆಯುತ್ತೇನೆ. ಅರ್ಜಿ ತುಂಬುತ್ತೇನೆ. ಆಮೇಲೆ ಪುಸ್ತಕವನ್ನು ಬುಗುರಿಯ ಕೈಗೆ ಕೊಟ್ಟು, ಇಸ್ತ್ರಿ ಮೇಜನ್ನು ಗೋಡೆಗೆ ಸರಿಸುತ್ತೇನೆ.