ಬೈಸಿಕೊಂಡ ದಿನ

ನನಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಮುಚ್ಚಿಟ್ಟು ಯಾರ ಕಣ್ಣಲ್ಲೂ ನೀರು ತರಿಸುವ ಆಸೆ ನನಗಿಲ್ಲ. ಹುಟ್ಟಿದಾಗಿನಿಂದಲೂ ಹೀಗೇ. ಅಪ್ಪನಿಗೆ ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ವರ್ಗವಾದಾಗ ನಾನಿನ್ನೂ ಪ್ರೈಮರಿಯಲ್ಲಿದ್ದೆ. ಮನೆಯಲ್ಲಿ ಮೈಸೂರು ಕನ್ನಡ, ಬೀದಿಯಲ್ಲಿ ಮಲಯಾಳ, ಕಂಪ್ಯೂಟರಿನ ಜೊತೆ ಇಂಗ್ಲಿಷ್. ಮೂರರಲ್ಲೂ ಚೆನ್ನಾಗಿ ಜಗಳ ಆಡುತ್ತೇನೆ.

ಡಿಗ್ರಿ ಮುಗಿದ ಮೇಲೆ, ಅಂಗವಿಕಲ ವಿದ್ಯಾರ್ಥಿಗಳನ್ನು ಕೆಲಸಕ್ಕೆ ತಯಾರು ಮಾಡುವ ಅಲ್ಲಿನ ಒಂದು ತರಬೇತಿ ಕೇಂದ್ರಕ್ಕೆ ಸೇರಿದೆ. ನಮ್ಮ ಟೀಚರ್ ಗಟ್ಟಿ ದನಿಯ ಮಲಯಾಳಿ ಹೆಂಗಸು. ಮೊದಲ ದಿನವೇ ಅವರು ಆಫೀಸಿನ ಮ್ಯಾನೇಜರ್ ಆಗಿ ನಟಿಸುತ್ತಾ ಒಬ್ಬೊಬ್ಬರನ್ನೇ "ಬಾ ಮೋಳೆ, ಬಾ ಮಗಳೇ" ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ನಾವು ಕುರಿಗಳ ಹಾಗೆ ಹೋದೆವು. ಎಲ್ಲರನ್ನೂ ಬಾತ್‌ರೂಮಿನೊಳಗೆ ನಿಲ್ಲಿಸಿ, "ಇದೇ ನಿಮ್ಮ ಆಫೀಸು, ಕೆಲಸ ಶುರು ಮಾಡಿ" ಅಂದರು. "ಕೈ ಬಿಡಿ, ನಿಮ್ಮ ಮೊಣಕೈ ಹಿಡಿದು ನಾನೇ ಬರ್ತೀನಿ" ಎಂದು ನಾವು ಬಾಯಿಬಿಟ್ಟು ಹೇಳುವವರೆಗೂ ಆ ಪಾಠ ಮುಗಿಯಲಿಲ್ಲ.

ಆಮೇಲೆ ಕೊಚ್ಚಿಯ ಕಾಕ್ಕನಾಡಿನಲ್ಲಿ ಒಂದು ಕಂಪನಿ ಮೂರು ತಿಂಗಳು ನನ್ನನ್ನು ಕೆಲಸಕ್ಕಿಟ್ಟು ನೋಡಲು ಒಪ್ಪಿತು. ಮಿಕ್ಸಿ, ಗ್ರೈಂಡರ್ ಕೊಂಡವರು ಕಳಿಸುವ ದೂರುಗಳಿಗೆ ಉತ್ತರ ಬರೆದು, ರಿಪೇರಿಯವರನ್ನು ಅವರ ಮನೆಗೆ ಕಳಿಸುವ ಕೆಲಸ. ಹಿಡಿಸಿದರೆ ಖಾಯಂ, ಇಲ್ಲದಿದ್ದರೆ ತಿರುವನಂತಪುರದ ರೈಲು. ನನಗೆ ಆ ಕೆಲಸ ಬೇಕೇ ಬೇಕಿತ್ತು. ಮನೆಗೆ ಬಂದವರು ನನ್ನೆದುರಿಗೇ ಅಮ್ಮನನ್ನು "ಇವಳು ಊಟ ಮಾಡಿದಳಾ?" ಎಂದು ಕೇಳುವುದನ್ನು ಕೇಳಿ ಕೇಳಿ ಸಾಕಾಗಿ ಹೋಗಿತ್ತು.

ಅಮ್ಮನೂ ಜೊತೆಗೆ ಬಂದಳು. ತ್ರಿಪ್ಪುಣಿತ್ತುರದಲ್ಲಿ ಒಂದು ಕೋಣೆ ಹಿಡಿದೆವು. ಬೆಳಿಗ್ಗೆ ಬಸ್ಸಿನಲ್ಲಿ ಆಫೀಸಿನ ಗೇಟಿನವರೆಗೂ ಬಂದು, ನಾನು ಬಿಳಿ ಕೋಲು ಬಿಚ್ಚಿ ಒಳಗೆ ಹೋಗುವವರೆಗೆ ನಿಂತಿರುತ್ತಿದ್ದಳು.

ಆಫೀಸಿನವರು ಒಳ್ಳೆಯವರು. ಕಷ್ಟ ಇದ್ದಿದ್ದೇ ಅಲ್ಲಿ. ಒಬ್ಬರು ಬ್ಯಾಗು ಇಸಿದುಕೊಳ್ಳುತ್ತಿದ್ದರು, ಇನ್ನೊಬ್ಬರು ನೀರು ತರುತ್ತಿದ್ದರು. ಪಕ್ಕದ ಸೀಟಿನ ಚೇಚಿ, ಅಂದರೆ ನಮ್ಮಲ್ಲಿ ಅಕ್ಕ ಅಂದ ಹಾಗೆ, ಸಂಜೆಯ ಹೊತ್ತಿಗೆ ಬಾಳೆಹಣ್ಣಿನ ಬಜ್ಜಿ ಕೊಡುತ್ತಿದ್ದರು. ಎಲ್ಲರ ಬಾಯಲ್ಲೂ ನಾನು 'ಮೋಳೆ', ಅಂದರೆ ಮಗಳು. ಕೆಲಸ ಮಾತ್ರ ಉಪ್ಪಿನಕಾಯಿಯಷ್ಟು ಬಡಿಸುತ್ತಿದ್ದರು.

ಒಂದು ದಿನ ನಾನು ಕಳಿಸಿದ್ದ ಉತ್ತರವನ್ನೇ ಮತ್ತೆ ತೆರೆದೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಏನೇನೋ ನಯವಾದ ವಾಕ್ಯಗಳನ್ನು ಓದಿತು. ಒಂದೂ ನನ್ನದಲ್ಲ. ಹಿಂದಿನವನ್ನೂ ತೆರೆದೆ. ಅವೂ ಹಾಗೇ. ಹೊಸಬಳ ಉತ್ತರಗಳು ಚೇಚಿ ಒಮ್ಮೆ ನೋಡಿದ ಮೇಲೆಯೇ ಹೋಗುತ್ತಿದ್ದವು; ನಾನು ಬರೆದದ್ದನ್ನೆಲ್ಲ ಅವರು ಸದ್ದಿಲ್ಲದೆ ತಿದ್ದಿ ಬರೆದು ಕಳಿಸುತ್ತಿದ್ದರು, ನನ್ನ ಮೇಲೆ ಮಾತು ಬರದಿರಲಿ ಅಂತ. ನನಗೆ ಮೈಯೆಲ್ಲ ಉರಿದುಹೋಯಿತು. ಹೀಗೇ ಆದರೆ ಕೊನೆಗೆ ನನ್ನನ್ನು ಒಳ್ಳೆಯ ಹುಡುಗಿ ಎಂದು ಹೊಗಳಿ ಮನೆಗೆ ಕಳಿಸುತ್ತಾರೆ, ಅಷ್ಟೆ.

ಟೀಚರ್‌ಗೆ ಫೋನ್ ಮಾಡಿ ಅತ್ತೆ. "ನಾನು ಬಂದು ಹೇಳಬಹುದು. ಆದರೆ ಅವರ ಪಕ್ಕದಲ್ಲಿ ದಿನಾ ಕೂರೋದು ನೀನು" ಅಂದರು.

ಮರುದಿನ ಹೇಳಿದೆ. "ಚೇಚಿ, ನನ್ನ ತಪ್ಪು ನನಗೇ ಬಿಡಿ." ಅವರ ಕುರ್ಚಿ ಕಿರ್ರೆಂದು ಅತ್ತ ಸರಿಯಿತು. ಸಂಜೆ ಬಜ್ಜಿಯೂ ಬರಲಿಲ್ಲ. ಬಜ್ಜಿ ತಪ್ಪಿದ್ದಕ್ಕೆ ನಿಜಕ್ಕೂ ಬೇಜಾರಾಯಿತು.

ಅಂದಿನಿಂದ ನನ್ನ ಉತ್ತರಗಳು ನೇರವಾಗಿ ಹೋದವು. ನನ್ನ ಸಾಫ್ಟ್‌ವೇರನ್ನು ನಾನು ಓಡಿಸುವ ವೇಗದಲ್ಲಿ ಅದು ಬೇರೆಯವರಿಗೆ ಬರೀ ಗುಯ್‌ಗುಟ್ಟಿದಂತೆ ಕೇಳುತ್ತದೆ. ಅದು ನನ್ನ ಜಂಬ. ಆ ಜಂಬದಲ್ಲೇ ಒಂದು ದೂರಿನ ವಿಳಾಸದ ಸಾಲನ್ನು ಹಾರಿಸಿ, ಹಿಂದಿನ ದೂರಿನ ವಿಳಾಸವನ್ನೇ ಕೊಟ್ಟುಬಿಟ್ಟೆ. ಮಿಕ್ಸಿ ಜಾರ್ ಸೋರುತ್ತಿದ್ದದ್ದು ತ್ರಿಪ್ಪುಣಿತ್ತುರದಲ್ಲಿ, ರಿಪೇರಿಯವನು ಹೋಗಿ ಬಾಗಿಲು ತಟ್ಟಿದ್ದು ಆಲುವದಲ್ಲಿ. ಊರಿನ ಈ ತುದಿ, ಆ ತುದಿ.

ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ಬಂದು ಎಲ್ಲರೆದುರು ಶುರುಮಾಡಿದರು. "ಏನ್ರೀ, ವಿಳಾಸ ಓದದೆ ಆಳನ್ನ ಕಳಿಸ್ತೀರಾ? ಇದೇನು ಬೈಕ್ ರೇಸಾ? ತ್ರಿಪ್ಪುಣಿತ್ತುರದ ಆ ಮಿಕ್ಸಿಯ ಹೆಂಗಸು ಫೋನಲ್ಲಿ ನನ್ನ ಜನ್ಮ ಜಾಲಾಡ್ತಿದ್ದಾರೆ. ಈಗಲೇ ಫೋನ್ ಮಾಡಿ, ಕ್ಷಮೆ ಕೇಳಿ!" ಚೇಚಿ ನನ್ನ ಪರವಾಗಿ ಏನೋ ಹೇಳಹೊರಟರು. "ನೀವು ಸುಮ್ಮನಿರಿ" ಎಂದು ಮುಖ್ಯಸ್ಥರು ಅವರನ್ನೂ ಗದರಿದರು.

ಆ ಹೆಂಗಸಿಗೆ ಫೋನ್ ಮಾಡಿ ಅವರ ಹತ್ತಿರವೂ ಬೈಸಿಕೊಂಡೆ. ಕಿವಿ ಬಿಸಿಯಾಗಿತ್ತು. ಆದರೂ ಒಳಗೊಳಗೇ ಖುಷಿ.

ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. "ಕಣ್ಣಿಲ್ಲದ ಮಗೂನ ಬಯ್ಯೋಕೆ ಆ ಮನುಷ್ಯನಿಗೆ ಬಾಯಾದ್ರೂ ಹೇಗೆ ಬಂತೇ? ನಡಿ, ಮನೆಗೆ ಹೋಗೋಣ" ಎಂದು ಬಟ್ಟೆ ಮಡಚತೊಡಗಿದಳು. "ಅಮ್ಮ, ಮೊನ್ನೆ ಹಿಂದಿನ ಸೀಟಿನ ಹುಡುಗನಿಗೂ ಹಿಂಗೇ ಬೈದ್ರು. ಅವನು ಖಾಯಂ, ಅವನಿಗೆ ಸಂಬಳ ಕೊಡ್ತಾರೆ" ಅಂದೆ. ಅಮ್ಮ ಮಡಚಿದ್ದನ್ನು ಹಾಗೇ ಇಟ್ಟುಕೊಂಡು ಕೂತಳು.

ಮೂರು ತಿಂಗಳು ಮುಗಿದ ದಿನ ಟೀಚರ್ ಬಂದರು. ಮುಖ್ಯಸ್ಥರು ನನ್ನನ್ನೂ ಕೂರಿಸಿಕೊಂಡು ನನ್ನ ಮೇಲಿನ ದೂರಿನ ಗಂಟು ಬಿಚ್ಚಿದರು. ಬರವಣಿಗೆ ಒರಟು, ಮಾತು ಜಾಸ್ತಿ, ಆತುರ, ಎದುರು ವಾದಿಸುತ್ತಾರೆ. ಗೇಟಿನಾಚೆ ಅಮ್ಮ ನಿಂತಿದ್ದಳು.

ಟೀಚರ್ ಕೇಳಿದರು: "ಹಾಗಾದರೆ ವಾಪಸ್ ಕರಕೊಂಡು ಹೋಗಲಾ?"

"ಕರಕೊಂಡು ಹೋಗೋದಾ?" ಮುಖ್ಯಸ್ಥರ ದನಿ ಮತ್ತೆ ಏರಿತು. "ಹೋದರೆ ಇವರ ಕೆಲಸ ಯಾರು ಮಾಡ್ತಾರೆ?"