ಗಂಟೆಗಿಷ್ಟೆಂದು ಮಾತಾಡುವ ನಮ್ಮಕ್ಕ

ನಮ್ಮಕ್ಕನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳು ಕನ್ನಡ ಮಾತಾಡುತ್ತಾಳೆ. ಅಷ್ಟೇ. ಅದಕ್ಕೆ ಈ ಪರದೇಶದ ವಿಶ್ವವಿದ್ಯಾಲಯದವರು ಗಂಟೆಗಿಷ್ಟೆಂದು ಸಂಬಳ ಕೊಡುತ್ತಾರೆ. ನಾನೂ ಹುಟ್ಟಿದಾಗಿನಿಂದ ಮಾತಾಡುತ್ತಲೇ ಇದ್ದೇನೆ, ಬಾಯಿ ಮುಚ್ಚು ಅಂದವರೇ ಹೊರತು ಕಾಸು ಕೊಟ್ಟವರು ಯಾರೂ ಇಲ್ಲ.

ಅದು ಏಷ್ಯಾದ ಭಾಷೆ-ಸಂಸ್ಕೃತಿಗಳ ವಿಭಾಗ. ಮೂರನೇ ಮಹಡಿ, ಝೆರಾಕ್ಸ್ ಮೆಷಿನ್ನಿನ ಪಕ್ಕದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಎರಡು ಕುರ್ಚಿ. ಕನ್ನಡ ಕಲಿಯುವ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಒಂದು ಕಾರ್ಡು ಹಿಡಿದು ಬರುತ್ತಾರೆ. ಕಾರ್ಡಿನಲ್ಲಿ ‘ಅಂಗಡಿ’ ಎಂದಿದ್ದರೆ ಅಕ್ಕ ಅಂಗಡಿಯವಳು, ‘ಆಸ್ಪತ್ರೆ’ ಎಂದಿದ್ದರೆ ಡಾಕ್ಟರು. ಬೆಳಿಗ್ಗೆ ಬಸ್ ಕಂಡಕ್ಟರಾಗಿ ಶುರುಮಾಡಿದವಳು ಸಂಜೆ ಮನೆ ಮಾಲೀಕಳಾಗಿ ಮೆಟ್ಟಿಲಿಳಿದು ಬರುತ್ತಾಳೆ. ಪಾಠದಲ್ಲಿ ಆಗಿಹೋದ ಮಾತುಗಳನ್ನಷ್ಟೇ ಆಡಬೇಕು. ಒಂದೊಂದು ಮಾತಾದ ಮೇಲೂ ನಿಲ್ಲಿಸಿ, ಎದುರಿನವರಿಗೆ ಅರ್ಥವಾಯಿತೇ ಎಂದು ನೋಡಬೇಕು. ಇದು ಪ್ರೊಫೆಸರರ ಕಟ್ಟಪ್ಪಣೆ. ಅವರು ಕನ್ನಡ ಸಂಸ್ಕೃತಿಯಲ್ಲಿ ದೊಡ್ಡ ಪಂಡಿತರಂತೆ. ಒಮ್ಮೆ ನನ್ನನ್ನು ಕಂಡು, “ತಮ್ಮ ಆಗಮನದಿಂದ ಪರಮ ಹರ್ಷವಾಯಿತು” ಅಂದರು. ನಾನು ಹೋಗಿದ್ದದ್ದು ಅಕ್ಕ ಮರೆತು ಬಂದಿದ್ದ ಊಟದ ಡಬ್ಬಿ ಕೊಡಲಿಕ್ಕೆ.

ಇಷ್ಟೆಲ್ಲ ಮಾತಾಡಿ ಬಂದ ಅಕ್ಕ ಮನೆಯಲ್ಲಿ ಮಗಳ ಹತ್ತಿರ ಒಂದಕ್ಷರ ಕನ್ನಡ ಆಡುತ್ತಿರಲಿಲ್ಲ. ಮಗು ಹುಟ್ಟಿದಾಗಲೇ ಅಕ್ಕ-ಭಾವ ಸೇರಿ ತೀರ್ಮಾನಿಸಿದ್ದರು: ಇಲ್ಲಿ ಬದುಕುವವಳಿಗೆ ಇಲ್ಲಿಯ ಭಾಷೆ ಸಾಕು, ಕನ್ನಡ ಕಟ್ಟಿಕೊಂಡು ಏನಾಗಬೇಕು? ಎಂಥ ಬುದ್ಧಿವಂತಿಕೆ! ಅದೇ ಕನ್ನಡ ಮಾರಿ ಮನೆ ನಡೆಸುವುದು, ಮನೆಯ ಮಗಳಿಗೆ ಮಾತ್ರ ಸ್ಟಾಕಿಲ್ಲ. ಭಾವ ತೀರಿಕೊಂಡ ಮೇಲೂ ಅದೇ ನಡೆಯಿತು. ನಾನು ಹೋದಾಗ ಅಕ್ಕನೂ ನಾನೂ ಬಾಯಿತುಂಬ ಕನ್ನಡದಲ್ಲಿ ಜಗಳ ಆಡುತ್ತಿದ್ದೆವು, ಹುಡುಗಿ ಮಧ್ಯೆ ಕೂತು ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದಳು. “ಮಗಳಿಗೆ ನೀನು ಮಾಡ್ತಿರೋದು ಅನ್ಯಾಯ ಕಣೇ” ಅಂದರೆ, “ನಿನಗೇನು ಗೊತ್ತು? ದಿನವೆಲ್ಲ ಮಾತಾಡಿ ಗಂಟಲು ಬಿದ್ದುಹೋಗಿರತ್ತೆ” ಅನ್ನುತ್ತಿದ್ದಳು.

ಹುಡುಗಿ ದೊಡ್ಡವಳಾದಳು. ಓದಲು ಆರಿಸಿಕೊಂಡದ್ದು ಅದೇ ವಿಭಾಗವನ್ನು, ಅದೇ ಕನ್ನಡವನ್ನು. ಅಕ್ಕ ಕೆಂಡಾಮಂಡಲವಾದಳು. “ಬೇರೆ ಏನೂ ಸಿಗಲಿಲ್ವಾ ಇವಳಿಗೆ?” ಎಂದು ನನ್ನ ಮೇಲೆ ಹರಿಹಾಯ್ದಳು, ನಾನೇ ಕಿವಿ ಊದಿದ ಹಾಗೆ. ಮನೆಯಲ್ಲಿ ಪಾಠ ಇಲ್ಲ, ಬೇಕಾದರೆ ಎಲ್ಲರ ಹಾಗೆ ಕೋಣೆಗೆ ಬರಲಿ ಅಂದಳು. ಹುಡುಗಿ ಹೋದಳು. ಹೆತ್ತ ತಾಯಿಯ ಜೊತೆ ಮಾತಾಡಲು ಝೆರಾಕ್ಸ್ ಮೆಷಿನ್ನಿನ ಪಕ್ಕ ಸರದಿಯಲ್ಲಿ ನಿಂತಳು! ತನ್ನ ಸರದಿ ಮುಗಿದರೂ ಮನಸ್ಸು ತಡೆಯದೆ, ಸೋಮಾರಿ ಹುಡುಗರ ಕಾರ್ಡು ಇಸಿದುಕೊಂಡು ಮತ್ತೆ ಒಳಗೆ ಹೋಗುತ್ತಿದ್ದಳಂತೆ.

ನನ್ನದು ಬಟ್ಟೆ ಬಿಗಿ-ಸಡಿಲ ಮಾಡಿಕೊಡುವ ಟೈಲರ್ ಅಂಗಡಿ. ಒಂದು ದಿನ ಹುಡುಗಿ ಅಲ್ಲಿಗೆ ಬಂದು, “ಚಿಕ್ಕಮ್ಮ, ನಾನು ಮೌಖಿಕ ಪರೀಕ್ಷೆಯಲ್ಲಿ ಉತ್ತೀರ್ಣಳಾದರೆ ಅಮ್ಮ ಮನೆಯಲ್ಲಿ ನನ್ನೊಂದಿಗೆ ಕನ್ನಡದಲ್ಲಿ ಮಾತನಾಡುತ್ತಾರೆ. ಅವರು ವಚನ ನೀಡಿದ್ದಾರೆ” ಅಂದಳು.

ವಚನವಂತೆ! ಇವಳ ಕಾಟ ತಾಳಲಾರದೆ ಅಕ್ಕ ‘ಆಯ್ತು ಹೋಗು’ ಅಂದಿರುತ್ತಾಳೆ, ನನಗೆ ಗೊತ್ತಿಲ್ಲವೇ? ಆದರೂ ಆ ಮುಖ ನೋಡಿ, “ಓದಮ್ಮ, ಚೆನ್ನಾಗಿ ಓದು” ಅಂದೆ.

ಓದಿದಳು. ವಿಭಾಗದಲ್ಲಿ ಕನ್ನಡ ಮಾತಾಡಿಸುವವರು ಬೇರೆ ಯಾರೂ ಇರಲಿಲ್ಲ, ಆದ್ದರಿಂದ ಪರೀಕ್ಷೆಗೂ ಅಕ್ಕನೇ. ಅಂಕ ಹಾಕಲು ಪ್ರೊಫೆಸರು ಮೂಲೆಯಲ್ಲಿ ಕೂತಿದ್ದರು. ಕಾರ್ಡಿನಲ್ಲಿ ‘ಮನೆ: ತಡವಾಗಿ ಬಂದ ಮಗಳು, ತಾಯಿ’ ಎಂದಿತ್ತು. ತಾಯಿ ತಾಯಿಯ ಪಾತ್ರ ಮಾಡಿದಳು, ಮಗಳು ಮಗಳ ಪಾತ್ರ ಮಾಡಿದಳು. ಒಂದು ಮಾತೂ ತಪ್ಪಲಿಲ್ಲ, ಇಡೀ ತರಗತಿಗೇ ಹುಡುಗಿ ಮೊದಲು. ಪ್ರೊಫೆಸರು ಎದ್ದು ಬಂದು ಅಕ್ಕನ ಕೈ ಕುಲುಕಿ, “ಅತ್ಯಂತ ಸಹಜವಾಗಿತ್ತು” ಅಂದರಂತೆ. ಸಹಜವಂತೆ, ನನ್ನ ತಲೆ!

ಅವತ್ತು ಸಂಜೆ ನಾನೂ ಅಕ್ಕನ ಮನೆಗೆ ಹೋದೆ. ಹುಡುಗಿ ಆಗಲೇ ಊಟದ ಮೇಜಿನ ಮುಂದೆ ಬಂದು ಕೂತಿದ್ದಳು. ಅಕ್ಕ ತಟ್ಟೆ ಇಟ್ಟು, ಗಂಟಲು ಸರಿಮಾಡಿಕೊಂಡು, “ಊಟ... ಸಿದ್ಧವಾಗಿದೆ. ನಿಮಗೆ... ಏನು ಬೇಕು?” ಅಂದಳು. ಅಂದು, ನಿಲ್ಲಿಸಿ, ಅರ್ಥವಾಯಿತೇ ಎಂದು ಮಗಳ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ತಮಾಷೆಯಲ್ಲ. ಮಗಳ ಕಡೆ ತಿರುಗಿದರೆ ಅವಳ ಬಾಯಿಗೆ ಬರುತ್ತಿದ್ದದ್ದು ಆ ಕೋಣೆಯ ಕನ್ನಡ ಒಂದೇ.

ಹುಡುಗಿ ತಟ್ಟೆ ಮುಟ್ಟಲಿಲ್ಲ. “ಅಮ್ಮ, ನನಗೆ ಬೈಯಿರಿ. ಚಿಕ್ಕಮ್ಮನಿಗೆ ಬೈಯುವ ಹಾಗೆ ಬೈಯಿರಿ” ಅಂದಳು.

ಅಕ್ಕ ಯೋಚಿಸಿದಳು. ಬೈಯಲಿಕ್ಕೂ ಯೋಚನೆ! “ನೀವು... ತಡವಾಗಿ ಬಂದಿದ್ದೀರಿ. ಇದು... ಸರಿಯಲ್ಲ.”

ಹುಡುಗಿ ತಡವಾಗಿ ಬಂದೇ ಇರಲಿಲ್ಲ. ಅದು ಪರೀಕ್ಷೆಯ ಕಾರ್ಡಿನ ಬೈಗುಳ. ನಾನು ತಡೆಯಲಾರದೆ ನಕ್ಕುಬಿಟ್ಟೆ. ಅಕ್ಕ ಗಿರಕ್ಕನೆ ನನ್ನ ಕಡೆ ತಿರುಗಿದಳು.

“ಏನೇ ಹಲ್ಲು ಕಿಸೀತೀಯ? ನಿನ್ನ ಬಾಯಿಗಿಷ್ಟು ಮಣ್ಣು ಬೀಳ! ಇಲ್ಲಿ ನನ್ನ ಪ್ರಾಣ ಹೋಗ್ತಾ ಇದೆ, ನಿನಗೆ ನಗು ಬರತ್ತಾ? ನನ್ನ ಮಗಳ ಹತ್ರ ಒಂದು ಮಾತಾಡೋಣ ಅಂದ್ರೆ ನಾಲಿಗೆ ತಿರುಗ್ತಿಲ್ಲ ಕಣೇ, ಹಾಳಾದವಳೇ! ಇವಳು ಹೊಟ್ಟೇಲಿದ್ದಾಗ ಒಬ್ಬಳೇ ಕೂತು ಎಷ್ಟು ಮಾತಾಡಿಸ್ತಿದ್ದೆ ಗೊತ್ತೇನೇ? ಬಂಗಾರ, ಪುಟ್ಟಿ, ಯಾವಾಗ ಬರ್ತೀಯೇ ಅಂತ! ಎಲ್ಲಿ ಹೋಯ್ತೇ ಅದೆಲ್ಲ?”

ಉಸಿರು ಸಾಲದೆ ನಿಲ್ಲಿಸಿದಳು. ಹುಡುಗಿಗೆ ಅಷ್ಟೂ ಅರ್ಥವಾಗಿತ್ತು, ಕಣ್ಣು ತುಂಬಿಕೊಂಡಿತ್ತು.

“ಅಮ್ಮ, ಈಗ ಹೇಳಿದ್ದನ್ನು ನನ್ನ ಕಡೆ ತಿರುಗಿ ಹೇಳಿ” ಅಂದಳು.

ಅಕ್ಕ ತಿರುಗಿದಳು. ಮಗಳ ಮುಖ ಕಂಡದ್ದೇ ನಾಲಿಗೆ ಕಟ್ಟಿತು. ಅಕ್ಕ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, ಕೊನೆಗೆ ‘ತಿನ್ನು, ಆರಿಹೋಗುತ್ತದೆ’ ಅಂದಳು, ಇಲ್ಲಿಯ ಭಾಷೆಯಲ್ಲಿ.