ಎಕ್ಸರೇ ಯಲ್ಲಾಲಿಂಗನ ಉಡಿ

ಯಲ್ಲಾಲಿಂಗನ ಸುದ್ದಿ ನಾನು ಮೊದಲು ಕೇಳಿದ್ದು ನಮ್ಮ ಲಿಂಬೆ ತೋಟದಲ್ಲಿ. ಹಣ್ಣು ಆರಿಸಲು ಬರುವ ಶಮಶಾದಬಿ ಅಂದು ತಡವಾಗಿ ಬಂದಳು. ಮೊಮ್ಮಗನ ಕೈ ಮುರಿದಿತ್ತು, ಇಂಡಿ ಊರಿನ ದವಾಖಾನೆಗೆ ಒಯ್ದಿದ್ದಳು. ಅಲ್ಲಿ ಎಕ್ಸರೇ ತೆಗೆಯುವ ಯಲ್ಲಾಲಿಂಗ ತನ್ನ ಮೈಮೇಲಿನ ಸೀಸದ ಏಪ್ರನ್ ಬಿಚ್ಚಿ ಇವಳಿಗೆ ತೊಡಿಸಿ, ಹುಡುಗನನ್ನು ತಾನೇ ಹಿಡಿದು ನಿಂತನಂತೆ.

"ಎಮ್ಮಿಕರಾ ಹೊತ್ತಂಗಾತವ್ವಾ," ಎಂದು ಭುಜ ತಿಕ್ಕಿಕೊಂಡಳು.

ಆ ದವಾಖಾನೆಯಲ್ಲಿ ಇದ್ದದ್ದೇ ಒಂದು ಏಪ್ರನ್. ಎಕ್ಸರೇ ಕಿರಣ ಮೈಗೆ ತಾಗಬಾರದೆಂದು ಅದು. ನಮ್ಮ ಕಡೆ ಕೂಸಿನ ಜೊತೆ ಅಜ್ಜಿಯೂ ಒಳಗೆ ಹೋಗಲೇಬೇಕು. ಇಲ್ಲದಿದ್ದರೆ ಕೂಸು ಅಳುತ್ತದೆ, ಅಜ್ಜಿಯೂ ಅಳುತ್ತಾಳೆ. ಹಾಗಾಗಿ ಅಜ್ಜಿಗೆ ಏಪ್ರನ್, ಹೊರಗೆ ಗುಂಡಿ ಒತ್ತಲು ಕಂಪೌಂಡರ, ಕೂಸು ಹಿಡಿಯಲು ಯಲ್ಲಾಲಿಂಗ. ಬಂದವರಿಗೆ ಊಟ ಬಡಿಸಿ ತಾನು ನೀರು ಕುಡಿದು ಮಲಗುವವರು ಇರುತ್ತಾರಲ್ಲ, ಹಾಗೆ ಬಹಳ ವರ್ಷ ಮಾಡಿದ.

ಅವನಿಗೆ ಮಕ್ಕಳಾಗಲಿಲ್ಲ. ಓಣಿ ಅವನ ಹೆಂಡತಿ ಕೋಮಲಳ ಕಡೆ ನೋಡಿತು. ಅವನ ತಾಯಿ ಸುಂದರವ್ವ ಸೊಸೆಯನ್ನು ಕಂಡ ಕಂಡ ದೇವರಿಗೆಲ್ಲ ನಡೆಸಿದಳು. ಕೊನೆಗೆ, ಸಿಂದಗಿಯಲ್ಲಿ ಇನ್ನೊಂದು ಹುಡುಗಿ ನೋಡಿದ್ದೇನೆ ಎಂದಳು.

ಆಗ ಯಲ್ಲಾಲಿಂಗ ಯಾರಿಗೂ ಹೇಳದೆ ವಿಜಯಪುರಕ್ಕೆ ಹೋಗಿ ತನ್ನನ್ನೇ ತಪಾಸಣೆ ಮಾಡಿಸಿಕೊಂಡ. ಬರುವಾಗ ನಮ್ಮ ತೋಟಕ್ಕೆ ಬಂದು ಲಿಂಬೆ ಕೇಳಿದ. ಅವನು ತಂದ ದೊಡ್ಡ ಚೀಲ ನೋಡಿ, ಯಾರ ಮದುವೆ ಎಂದೆ. ಔಷಧಕ್ಕೆ ಎಂದ. ಮುದುಕಿಯ ಮುಂದೆ ನಾಚಿಕೆ ಏಕೆ ಎಂದುಕೊಂಡನೋ ಏನೋ, ಎಲ್ಲ ಹೇಳಿದ. ಅವನಲ್ಲಿ ವೀರ್ಯಾಣು ಕಡಿಮೆ, ಇದ್ದವೂ ಸರಿಯಾಗಿ ಈಜುವುದಿಲ್ಲ. ಎಕ್ಸರೇಯಿಂದಲೇ ಹೀಗಾಯಿತು ಎಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಮೊದಲು ಏಪ್ರನ್ ತೊಟ್ಟು ಗೋಡೆಯ ಹಿಂದೆ ನಿಲ್ಲಬೇಕು. ಆಮೇಲೆ ಲಿಂಬೆ, ನೆಲ್ಲಿ, ದಾಳಿಂಬೆ, ಶೇಂಗಾ ತಿನ್ನಬೇಕು. ಅವುಗಳಲ್ಲಿ ಆಂಟಿಆಕ್ಸಿಡೆಂಟ್ ಇರುತ್ತದೆ. ಗುಣವಾದರೂ ಆಗಬಹುದು, ಭರವಸೆ ಇಲ್ಲ.

ಆಂಟಿಆಕ್ಸಿಡೆಂಟ್ ಅಂದರೇನು ಎಂದು ಕೇಳಿದೆ.

"ಆಯಿ, ಬದನಿಕಾಯಿ ಹೆಚ್ಚಿಟ್ರ ಏನಾಕ್ಕೈತ್ರಿ?"

"ಕರ್ರಗ ಆಕ್ಕೈತಿ."

"ಲಿಂಬಿಹಣ್ಣು ಹಿಂಡಿದ ನೀರಾಗ ಹಾಕಿದ್ರ?"

"ಆಗೂದಿಲ್ಲ."

"ಅಷ್ಟ ನೋಡ್ರಿ. ನಾನೂ ಹೆಚ್ಚಿದ ಬದನಿಕಾಯಿ ಇದ್ದಂಗ."

ತಡಮಾಡಿ ನೀರಿಗೆ ಹಾಕಿದರೆ ಆಗಲೇ ಹತ್ತಿದ ಕಪ್ಪು ಹೋಗುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಚೀಲ ತುಂಬಿಕೊಟ್ಟೆ.

ತಿಂಗಳುಗಟ್ಟಲೆ ಲಿಂಬೆ ಒಯ್ದ. ಹುಳಿ ತಿಂದು ತಿಂದು ಹಲ್ಲು ಜುಮ್ಮೆಂದು, ಒಣಗಿ ಗಟ್ಟಿಯಾದ ಕಟಿರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣ್ಣತೊಡಗಿದ. ಆದರೆ ಕೂಸು ಬಂದ ದಿನ ಏಪ್ರನ್ ಮತ್ತೆ ಅಜ್ಜಿಯ ಮೈಮೇಲೆ ಹೋಗುತ್ತದೆ ಎಂದು ಶಮಶಾದಬಿ ಹೇಳಿದಳು. ನಾನು ಬೈದೆ. ಬೈದ ಮೇಲೆ ಸೊಲ್ಲಾಪುರದಿಂದ ತನಗೊಂದು ಬೇರೆ ಏಪ್ರನ್ ತರಿಸಿದ.

ಶ್ರಾವಣದಲ್ಲಿ ಸುಂದರವ್ವ ಮಕ್ಕಳಾಗಲೆಂದು ಸೊಸೆಗೆ ಉಡಿ ತುಂಬಿಸಿದಳು. ಇದೇ ಕೊನೆಯದು, ಇದಾದ ಮೇಲೆ ಸಿಂದಗಿಯವರಿಗೆ ಮಾತು ಕೊಡುವುದು ಎಂದು ಓಣಿಗೆಲ್ಲ ಹೇಳಿದ್ದಳು. ನಾನು ಹಣ್ಣಿನ ಬುಟ್ಟಿ ಇಳಿಸಿ ಬಾಗಿಲ ಹಿಂದೆ ನಿಂತೆ. ಗಂಡ ಸತ್ತವಳು ಅಲ್ಲಿಂದ ಮುಂದೆ ಹೋಗುವ ಪದ್ಧತಿ ಇಲ್ಲ. ಮುತ್ತೈದೆಯರು ಕೋಮಲಳ ಸೆರಗಿಗೆ ಅಕ್ಕಿ ಹಾಕಲು ಕೈ ಎತ್ತಿದ್ದರು. ಆಗ ಯಲ್ಲಾಲಿಂಗ ತನ್ನ ಏಪ್ರನ್ ತೊಟ್ಟುಕೊಂಡು ಬಂದು ಹೆಂಡತಿಯ ಪಕ್ಕ ಕುಳಿತ. ಅದರ ತುದಿಯನ್ನು ಸೆರಗಿನ ಹಾಗೆ ಎತ್ತಿ ಹಿಡಿದ. ಸೀಸ ಬಾಗಲು ಒಲ್ಲದು. ಎರಡೂ ಕೈ ಹಚ್ಚಿದ.

"ಯವ್ವಾ, ಕೊರತಿ ನನ್ನಾಗ ಐತಿ. ತಪಾಸಣಿ ಮಾಡಿಸೇನಿ. ಸಿಂದಗಿ ಹುಡುಗಿನ್ನ ತಂದ್ರ ಆಕಿಗೂ ವರ್ಷಾ ಉಡಿ ತುಂಬಕೋತ ಕುಂದರಬೇಕಾಕ್ಕೈತಿ."

ಗಂಡಸರಿಗೆ ಅಂಥದ್ದು ಇರುವುದಿಲ್ಲ ಎಂದಳು ಸುಂದರವ್ವ. ಇರುತ್ತದೆ ಎಂದ. ಹಾಗಾದರೆ ಸಿಂದಗಿಯವರಿಗೆ ಏನು ಹೇಳಲಿ ಎಂದು ಗೋಡೆಯನ್ನು ಕೇಳಿದಳು.

"ಬ್ಯಾಡಂತ ಹೇಳ್ರಿ ಅತ್ತಿ," ಎಂದಳು ಕೋಮಲ. ಅತ್ತೆಯೆದುರು ಆಕೆ ಬಾಯಿ ತೆರೆದದ್ದು ನಾನು ಕೇಳಿದ್ದು ಅದೇ ಮೊದಲು. ಆಗಲಿ ಎಂಬಂತೆ ಸುಂದರವ್ವ ಅಕ್ಕಿಯ ತಟ್ಟೆ ಮುಂದೆ ಸರಿಸಿದಳು.

ಮುತ್ತೈದೆಯರು ಮಾತ್ರ ಗಂಡಸಿಗೆ ಉಡಿ ತುಂಬಲು ಒಲ್ಲೆವೆಂದರು. ಎತ್ತಿದ ತುದಿ ಬಿಡದೆ ಯಲ್ಲಾಲಿಂಗ ನಾನು ನಿಂತ ಬಾಗಿಲ ಕಡೆ ನೋಡಿದ. ಮುಂದಿನ ತಿಂಗಳೇ ಅವನು ಮುದ್ದೇಬಿಹಾಳದ ಒಂದು ದವಾಖಾನೆಗೆ ಕೆಲಸಕ್ಕೆ ಹೋದ. ಹಾಗಾಗಿ ಅಂದು ಅಲ್ಲಿ ಕುಳಿತು ಕೇಳಿದ್ದೇ ಅವನು ನನ್ನನ್ನು ಕೊನೆಗೆ ಕೇಳಿದ್ದು:

"ಆಯಿ, ಇವರು ಒಲ್ಲರಂತ. ನೀವರ ಒಳಗ ಬರ್ರಿ, ಎರಡು ಲಿಂಬಿಹಣ್ಣು ಹಾಕ್ರಿ."